ಮೂವತ್ತೆರಡು ಬಾಯಿ

ಡಬ್ಬಿ ತೆಗೆದರೆ ಮೊದಲು ಹುಳಿ ವಾಸನೆ.
ಉಪ್ಪಿನಕಾಯಿ ಕೆಟ್ಟದ್ದಲ್ಲ, ಫಿಲ್ಮು ಸಾಯುವುದೇ ಹೀಗೆ,
ವಿನೆಗರ್ ಆಗಿ, ಸುರುಳಿ ಸೊಟ್ಟಗಾಗಿ, ಅಂಚಿನಿಂದ ಒಳಕ್ಕೆ.
ಮುಚ್ಚಳದ ಮೇಲೆ ಪೆನ್ಸಿಲ್ಲಿನಲ್ಲಿ: ಡಂಡೀ. ಸೆಣಬಿನ ಗಿರಣಿ. ಮೂಕ.
ಇಸವಿಯಿಲ್ಲ, ತೆಗೆದವನ ಹೆಸರಿಲ್ಲ.
ಸಂಗ್ರಹಾಲಯದವರು ಎರಡನೆಯ ಪ್ರತಿ ಸಾಕೆಂದು
ಬಿಸಾಡಲಿಟ್ಟ ಹದಿನಾಲ್ಕರಲ್ಲಿ ನನಗೆ ಸಿಕ್ಕದ್ದು ಇದೊಂದು.

ಹಿಲ್‌ಟೌನಿನ ಏರಿನಲ್ಲಿ, ಮುಚ್ಚಿದ ಬೇಕರಿಯ ಮೇಲೆ ನನ್ನ ಕೋಣೆ.
ಕಿಟಕಿಯಲ್ಲಿ ಟೇ ನದಿ ಇರುತ್ತದೆ. ಮಂಜು ಬಂದರೆ ಇರುವುದಿಲ್ಲ.
ದೀಪದ ಮೇಜಿನ ಮೇಲೆ ರೀಲು ಬಿಚ್ಚುತ್ತೇನೆ:
ಕಿರುಬೆರಳ ಉಗುರಿನಷ್ಟು ಒಂದು ಫ್ರೇಮು,
ಅದರೊಳಗೆ ಮಗ್ಗ, ಮಗ್ಗದ ಮುಂದೆ ಒಬ್ಬಳು,
ತಲೆಗೆ ಬಿಗಿದ ವಸ್ತ್ರ, ಸಾಸಿವೆಯಷ್ಟು ಮುಖ.

ಇದ್ದಕ್ಕಿದ್ದಂತೆ ತಿರುಗಿ ನೋಡುತ್ತಾಳೆ.
ಎರಡು ಸೆಕೆಂಡು. ಸೆಕೆಂಡಿಗೆ ಹದಿನಾರರಂತೆ
ಮೂವತ್ತೆರಡು ಬಾಯಿ, ಒಂದರ ಪಕ್ಕ ಒಂದು.
ಏನೋ ಅನ್ನುತ್ತಾಳೆ.
ಅಂದದ್ದು ಉಳಿದಿದೆ, ದನಿ ಉಳಿದಿಲ್ಲ.

ಮೂರು ತಿಂಗಳು ಬಳಿದೆ.
ಎರಡೇ ಕೂದಲಿನ ಕುಂಚ, ಬಿಗಿಹಿಡಿದ ಉಸಿರು.
ಮಗ್ಗಕ್ಕೆ ನೀಲಿ ಶಾಯಿ,
ಗಾಳಿಯಲ್ಲಿ ತೇಲುವ ನಾರಿನ ಧೂಳಿಗೆ
ಸ್ಪಿರಿಟ್ಟಿನಲ್ಲಿ ನೆನೆಸಿದ ಅರಿಸಿನ,
ಅವಳ ಬಾಯಿಗೆ ಪೌಂಡ್ ಅಂಗಡಿಯ ಉಗುರುಬಣ್ಣ, ಕೆಂಪು.
ಒಂದು ಫ್ರೇಮಿನ ಕೆಂಪು ಮುಂದಿನ ಕೆಂಪಿಗೆ ಹೊಂದುವುದಿಲ್ಲ,
ಹೊಂದಲೂಬಾರದು. ಓಡಿಸಿದರೆ ಬಾಯಿ ಕುದಿಯುತ್ತದೆ,
ಒಲೆ ಮೇಲಿಟ್ಟು ಮರೆತ ಸಾರಿನ ಹಾಗೆ.

ಯಾಕೆ ಕೆಂಪು ಎಂದರೆ ಆಗ ನನ್ನ ಹತ್ತಿರ ದೊಡ್ಡ ಮಾತಿತ್ತು.
ಅನುದಾನದ ಅರ್ಜಿಯಲ್ಲಿ ಬರೆದೂ ಇದ್ದೆ:
ಇದು ದುಡಿಮೆಯ ಕೂಗು,
ಕಡಲಾಚೆಯ ನಾರನ್ನು ನೇಯ್ದು ಸವೆದ ಕೈಗಳ ಸಿಟ್ಟು.
ಅರ್ಜಿ ಪಾಸಾಯಿತು.

ಎಫೀ ಸೌಟರ್‌ಗೆ ತೊಂಬತ್ತೊಂದು. ಹದಿನೈದಕ್ಕೇ ಗಿರಣಿ ಸೇರಿದವಳು.
ಹೆಸರಲ್ಲೇ ಸೌಟಿದೆಯಲ್ಲ ಎಂದು ನಾನು ನಕ್ಕದ್ದಕ್ಕೆ
ಕೈಯಾಡಿಸಿ ತೋರಿಸಿ ವಿವರಣೆ ಕೊಡಬೇಕಾಯಿತು.
ಅವಳು ಗನ್ನಿ ಅಂದಳು, ನಾನು ಗೋಣಿ ಅಂದೆ,
ಒಂದೇ ಚೀಲದ ಎರಡು ಕಿವಿ ಹಿಡಿದು
ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.
ಅವಳ ಸ್ವಂತ ಕಿವಿ ಎಂದೋ ಮಗ್ಗಕ್ಕೆ ಹೋಯಿತು.
ಮುನ್ನೂರು ಮಗ್ಗದ ಸದ್ದಿನಲ್ಲಿ ಮಾತೆಲ್ಲ
ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳ ತುದಿಯಲ್ಲಿ.
ಆ ಓದು ಮಾತ್ರ ಹೋಗಿಲ್ಲ.

ಬೇಕರಿಯ ಬಿಳಿ ಗೋಡೆಗೆ ಓಡಿಸಿದೆ.
"ಇದೇನು ಇದು, ಒರೆಸು" ಅಂದಳು.
"ನಿನ್ನ ಬಣ್ಣದ ಹಿಂದೆ ಒಬ್ಬಳು ಮಾತಾಡುತ್ತಿದ್ದಾಳೆ."

ಬಳಿಯುವ ಮುಂಚಿನ ಪ್ರತಿ ಫೋನಿನಲ್ಲಿತ್ತು, ತೋರಿಸಿದೆ.
ಒಮ್ಮೆ ನೋಡಿದಳು. ಕನ್ನಡಕ ಒರೆಸಿ ಇನ್ನೊಮ್ಮೆ.
ಮೂರನೆಯ ಸಲ ನಗು ಬಂತು,
ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿಯುವಷ್ಟು.

"ಜೀನಳಿಗೆ ಹೇಳು, ನನ್ನ ಕತ್ತರಿ ಅವಳ ಹತ್ತಿರ ಇದೆ."

ಅಷ್ಟೆ.
"ಕೊನೆಗೆ ಇನ್ನೊಂದು ಪದ ಇದೆ,
ಅದು ಕ್ಯಾಮೆರಾ ಹಿಡಿದವನಿಗೆ.
ಅದನ್ನು ನಾನು ಹೇಳುವುದಿಲ್ಲ."

ಅವಳನ್ನು ಬಸ್ಸು ಹತ್ತಿಸಿ ಬಂದು ಮೇಜಿಗೆ ಕೂತೆ.
ಅಸಿಟೋನ್ ಮುಟ್ಟಿಸುವಂತಿಲ್ಲ, ಫಿಲ್ಮೇ ಕರಗುತ್ತದೆ.
ಹೊಲಿಗೆಯ ಸೂಜಿ ಹಿಡಿದು, ಒಂದೊಂದೇ ತುಟಿಯಿಂದ
ಸಿಟ್ಟನ್ನು ಕೆರೆದೆ.
ಕೆಲವೆಡೆ ಕೆಂಪಿನ ಜೊತೆ ತುಟಿಯೂ ಎದ್ದು ಬಂತು;
ಏಳನೆಯ ಫ್ರೇಮಿನಲ್ಲಿ ಮಾತಿರಬೇಕಾದಲ್ಲಿ
ಬರೀ ಬೆಳಕು. ಅದು ನನ್ನ ತಪ್ಪು, ಹಾಗೇ ಬಿಟ್ಟೆ.

ನಾಲ್ಕು ಗಂಟೆಗೆ ಕೆಳಗಿನ ಬೀದಿಯಲ್ಲಿ ಹಾಲಿನ ಗಾಡಿ.
ಮೂವತ್ತೆರಡರಲ್ಲಿ ಇಪ್ಪತ್ತಾರು ಬಾಯಿ ಬಿಡಿಸಿದ್ದೆ.
ಕೊನೆಯ ಆರು, ಕ್ಯಾಮೆರಾದವನದು.
ಅಲ್ಲಿ ಉಗುರುಬಣ್ಣ ದಪ್ಪಗೆ ಹಾಗೇ ಇದೆ.